ಕರೆಂಟ್ ಹೋದಾಗ ನಡೆಯುವ ಸ್ಟುಡಿಯೋ: ಉಬುಂಟು ಸ್ಟುಡಿಯೋ ಮತ್ತು ಆರ್ಡರ್, ಮೂರು ವರ್ಷದ ಬಳಕೆ

ನಮ್ಮ ಓಣಿಯಲ್ಲಿ ಬೆಳಿಗ್ಗೆ ಏಳಕ್ಕೆ ಶುರುವಾದ ಪವರ್‌ಲೂಮ್‌ಗಳು ರಾತ್ರಿ ಹತ್ತರವರೆಗೆ ಓಡುತ್ತವೆ. ಬನಹಟ್ಟಿಯಲ್ಲಿ ಹುಟ್ಟಿ ಬೆಳೆದವರಿಗೆ ಆ ಖಟಪಟ ಕೇಳಿಸುವುದೇ ಇಲ್ಲ. ಮೈಕ್‌ಗೆ ಮಾತ್ರ ಕೇಳಿಸುತ್ತದೆ. ಹಾಗಾಗಿ ಭಜನಾ ಮೇಳದ ಪದ ರೆಕಾರ್ಡ್ ಮಾಡಲು ನನಗಿರುವುದು ಎರಡೇ ಹೊತ್ತು: ನಡುರಾತ್ರಿ, ಇಲ್ಲವೇ ಕರೆಂಟ್ ಹೋದಾಗ. ನಡುರಾತ್ರಿ ಬನ್ನಿ ಅಂದರೆ ಮುತ್ಯಾಗಳು ಬರುವುದಿಲ್ಲ. ಉಳಿದದ್ದು ಒಂದೇ.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣ ಇದೆ, ಮುಂದೆ ಗೊತ್ತಾಗುತ್ತದೆ. ಉಬುಂಟು ಸ್ಟುಡಿಯೋ ಅಂದರೆ ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ, ಹಾಡು-ವಿಡಿಯೋ ಕೆಲಸಕ್ಕೆಂದೇ ಸಿದ್ಧ ಮಾಡಿದ ಉಚಿತ ಲಿನಕ್ಸ್. ಆರ್ಡರ್ (Ardour) ಅದರಲ್ಲಿ ಹಾಡು ರೆಕಾರ್ಡ್ ಮಾಡಿ ತಿದ್ದುವ ಸಾಫ್ಟ್‌ವೇರ್. ಫೀಚರ್ ಪಟ್ಟಿ ಬೇಕಾದವರಿಗೆ ಬೇಕಾದಷ್ಟು ವಿಡಿಯೋಗಳಿವೆ. ನಾನು ಅದರ ತಂಟೆಗೆ ಹೋಗಲ್ಲ.

ನನ್ನದು ಝೆರಾಕ್ಸ್ ಅಂಗಡಿ. ರೆಕಾರ್ಡಿಂಗ್ ಸುಮ್ನೆ ಹುಚ್ಚು, ದುಡ್ಡು ಬರುವ ಕೆಲಸವಲ್ಲ. ಲ್ಯಾಪ್‌ಟಾಪ್ ಸೆಕೆಂಡ್ ಹ್ಯಾಂಡ್, 13,000 ರೂಪಾಯಿಗೆ ತಂದದ್ದು. 8 ಜಿಬಿ ರ‍್ಯಾಮ್, ಆಮೇಲೆ ಹಾಕಿಸಿದ ಎಸ್‌ಎಸ್‌ಡಿ, ಎರಡು ಮೈಕ್ ಸಿಗಿಸಬಹುದಾದ ಯುಎಸ್‌ಬಿ ಇಂಟರ್‌ಫೇಸ್ ಒಂದು. ಮೊದಲು ವಿಂಡೋಸ್‌ನಲ್ಲಿ ಯಾರೋ ಕೊಟ್ಟ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಬಳಸುತ್ತಿದ್ದೆ. ಒಂದು ದಿನ ಅದರ ಜೊತೆ ಬಂದ ವೈರಸ್ ಅಂಗಡಿಯ ಫೈಲುಗಳನ್ನೂ ನುಂಗಿತು. ಅವತ್ತೇ ಲಿನಕ್ಸ್ ಹಾಕಿದೆ. ತತ್ವ ಸಿದ್ಧಾಂತ ಏನೂ ಇರಲಿಲ್ಲ, ಬರೀ ಹೆದರಿಕೆ.

ಹಾಕಿಕೊಳ್ಳೋದು ಕಷ್ಟವಾ ಅಂತ ಎಲ್ಲರೂ ಕೇಳುತ್ತಾರೆ. ಉಬುಂಟು ಸ್ಟುಡಿಯೋ ಆದರೆ ಕಷ್ಟವಿಲ್ಲ. ಮಾಮೂಲಿ ಉಬುಂಟು ಹಾಕಿದರೆ ನಿಮ್ಮ ಹೆಸರನ್ನು ಆಡಿಯೋ ಗುಂಪಿಗೆ ಸೇರಿಸಬೇಕು, ಸದ್ದಿನ ಕೆಲಸಕ್ಕೆ ಮೊದಲ ಪಾಳಿ ಸಿಗುವಂತೆ ರಿಯಲ್‌ಟೈಮ್ ಅನುಮತಿ ಕೊಡಬೇಕು. ಸ್ಟುಡಿಯೋದಲ್ಲಿ ಅದೆಲ್ಲ ಮಾಡಿಟ್ಟೇ ಕೊಡುತ್ತಾರೆ. ಆರ್ಡರ್ ಕೂಡ ಅದರಲ್ಲೇ ಬರುತ್ತದೆ. ಮೇಳದವರಿಗೆ ‘ಆರ್ಡರ್ ಅಂತ ಒಂದು ಸಾಫ್ಟ್‌ವೇರ್’ ಅಂದಾಗ ಎಷ್ಟು ಸೀರೆಯ ಆರ್ಡರ್ ಅಂತ ಕೇಳಿದ್ದರು. ಇದನ್ನು ಶುರು ಮಾಡಿದ್ದು ಪಾಲ್ ಡೇವಿಸ್. ಲಿನಕ್ಸ್‌ನಲ್ಲಿ ಸದ್ದಿನ ತಂತಿ ಜೋಡಿಸುವ ಜ್ಯಾಕ್ ಬರೆದದ್ದೂ ಅವರೇ. ಅವರ ತಾಣದಿಂದಲೇ ಸಿದ್ಧ ಪ್ಯಾಕೇಜ್ ಇಳಿಸಿಕೊಂಡರೆ ಕೈಲಾದಷ್ಟು ದುಡ್ಡು ಕೊಡಬೇಕು. ನಾನು ಮೊದಲ ವರ್ಷ ಕೊಡಲಿಲ್ಲ. ಈಗ ಕೊಡುತ್ತೇನೆ. ಇಂಥದೇ ಇನ್ನೊಂದು ಸಾಫ್ಟ್‌ವೇರ್ ರೀಪರ್ ಕೂಡ ಲಿನಕ್ಸ್‌ಗೆ ಬರುತ್ತದೆ, 60 ದಿನ ಪರೀಕ್ಷೆಗೆ ಬಿಡುತ್ತಾರೆ, ಆಮೇಲೆ ಸಣ್ಣ ಬಳಕೆಗೆ 60 ಡಾಲರ್. ಚೆನ್ನಾಗಿದೆ. ಆದರೆ ಅಷ್ಟೊತ್ತಿಗೆ ನನ್ನ ಕೈ ಆರ್ಡರ್‌ಗೆ ಕೂತಿತ್ತು.

ಈಗ ನಮ್ಮ ರೆಕಾರ್ಡಿಂಗ್ ಹೇಗೆ ನಡೆಯುತ್ತದೆ ಅಂತ ಕೇಳಿ. ಸಂಜೆ ಕರೆಂಟ್ ಹೋಗುತ್ತದೆ. ಓಣಿಯ ಮಗ್ಗಗಳೆಲ್ಲ ಒಟ್ಟಿಗೆ ನಿಲ್ಲುತ್ತವೆ. ಅಷ್ಟು ಹೊತ್ತು ಎಲ್ಲಿತ್ತೋ ಅನ್ನುವಂತೆ ನಾಯಿ ಬೊಗಳಿದ್ದು, ಯಾರೋ ಕೆಮ್ಮಿದ್ದು ಎಲ್ಲ ಕೇಳತೊಡಗುತ್ತದೆ. ನಾನು ಅಂಗಡಿಯ ಶಟರ್ ಅರ್ಧ ಎಳೆದು ಓಡುತ್ತೇನೆ. ನಮ್ಮ ಪಡಸಾಲೆಯಲ್ಲಿ ಮೂರೂ ಗೋಡೆಗೆ ಕೌದಿ ಇಳಿಬಿಟ್ಟಿದ್ದೇನೆ, ಮೂಲೆಯಲ್ಲಿ ಅಣ್ಣನ ಸೀರೆ ಗಂಟುಗಳು. ಸದ್ದು ಗೋಡೆಗೆ ಬಡಿದು ವಾಪಸ್ ಬರದಂತೆ ತಡೆಯಲು ಇದಕ್ಕಿಂತ ಒಳ್ಳೆಯದು ನನ್ನ ಬಜೆಟ್‌ನಲ್ಲಿ ಇಲ್ಲ. ಅವ್ವ ಒಂದು ಕೌದಿಯನ್ನು ಚಳಿಗಾಲದಲ್ಲಿ ವಾಪಸ್ ತೆಗೆದುಕೊಳ್ಳುತ್ತಾಳೆ. ಡಿಸೆಂಬರ್‌ನ ಪದಗಳು ಅದಕ್ಕೇ ಸ್ವಲ್ಪ ಗಂಯ್ ಅನ್ನುತ್ತವೆ.

ಜಮಖಾನೆ ಹಾಸುವ ಮುಂಚೆ ಇಂಟರ್‌ಫೇಸ್ ಸಿಗಿಸುತ್ತೇನೆ, ಆಮೇಲೆ ಲ್ಯಾಪ್‌ಟಾಪ್ ತೆರೆಯುತ್ತೇನೆ. ವೈಫೈ ಬಂದ್. ಬ್ರೌಸರ್ ಬಂದ್. ಒಂದು ಮೈಕ್ ಹಾಡುವ ಮುತ್ಯಾನ ಎದೆಯ ಮಟ್ಟಕ್ಕೆ, ಇನ್ನೊಂದು ಹಾರ್ಮೋನಿಯಂ ಮತ್ತು ತಬಲಾದ ನಡುವೆ. ತಾಳದ ಕಾಕಾನನ್ನು ಬಾಗಿಲ ಹತ್ತಿರ ಕೂರಿಸುತ್ತೇನೆ, ಯಾಕೆಂದರೆ ಆ ಹಿತ್ತಾಳೆ ಸದ್ದು ಎಲ್ಲಿಟ್ಟರೂ ಮೈಕ್‌ಗೆ ನುಗ್ಗುತ್ತದೆ. ಆಮೇಲೆ ಎಲ್ಲರೂ ಹತ್ತು ಸೆಕೆಂಡ್ ಸುಮ್ಮನೆ ಕೂರಬೇಕು. ಖಾಲಿ ಕೋಣೆಯ ಸದ್ದು ಹಿಡಿಯಲು. ಇದು ಮೇಳದವರಿಗೆ ಎಷ್ಟು ಇಷ್ಟವೆಂದರೆ ಈಗ ನಾನು ಹೇಳದಿದ್ದರೂ ಕಣ್ಣು ಮುಚ್ಚಿ ಕೂರುತ್ತಾರೆ.

ಬ್ಯಾಟರಿ ಮೇಲೆ ರೆಕಾರ್ಡ್ ಮಾಡೋದರಲ್ಲಿ ಒಂದು ಲಾಭವೂ ಇದೆ. ನಮ್ಮ ಮನೆಯ ಅರ್ಥಿಂಗ್ ಸರಿಯಿಲ್ಲ. ಚಾರ್ಜರ್ ಸಿಗಿಸಿದರೆ 50 ಹರ್ಟ್ಸ್‌ನ ಗುಂಯ್ ಅನ್ನುವ ಸದ್ದು ಹಾಡಿನ ಕೆಳಗೆ ಕೂರುತ್ತದೆ. ಚಾರ್ಜರ್ ಕಿತ್ತರೆ ಮಾಯ. ಇಂಟರ್‌ಫೇಸ್‌ಗೂ ಕಂಡೆನ್ಸರ್ ಮೈಕ್‌ಗೆ ಬೇಕಾದ 48 ವೋಲ್ಟ್‌ಗೂ ಲ್ಯಾಪ್‌ಟಾಪ್‌ನ ಯುಎಸ್‌ಬಿಯೇ ಸಾಕು.

ಇಷ್ಟೆಲ್ಲ ಸರಿ ಹೋದ ಮೇಲೆ ‘ಚಟ್’ ಬಂತು.

ಪದದ ನಡುವೆ ಎಲ್ಲೋ ಒಂದು ಕಡೆ, ಉಗುರಿನಿಂದ ಡಬ್ಬಿ ಹೊಡೆದಂತೆ ಚಟ್. ಲಿನಕ್ಸ್ ಸಂಗೀತದವರು ಇದನ್ನು ಎಕ್ಸ್‌ರನ್ ಅನ್ನುತ್ತಾರೆ. ಕಂಪ್ಯೂಟರ್ ಸದ್ದನ್ನು ಸಮಯಕ್ಕೆ ಸರಿಯಾಗಿ ತೆಗೆದುಕೊಳ್ಳಲಿಲ್ಲ, ನಡುವೆ ಚೂರು ಬಿದ್ದುಹೋಯಿತು ಅಂತ. ಆರ್ಡರ್‌ನಲ್ಲಿ ಇದರ ಲೆಕ್ಕ ಮೇಲೆ ಮೂಲೆಯಲ್ಲಿ ಕಾಣುತ್ತದೆ. ಅದು ಬಿದ್ದ ಜಾಗಕ್ಕೆ ಗುರುತು ಹಾಕುವ ಆಯ್ಕೆಯೂ ಇದೆ. ಆ ಒಂದು ಆಯ್ಕೆಗೆ ನಾನು ಎಷ್ಟು ಸಲ ಕೈ ಮುಗಿದಿದ್ದೇನೋ. ಇಲ್ಲದಿದ್ದರೆ ಒಂದು ಗಂಟೆಯ ಭಜನೆಯಲ್ಲಿ ಆ ಚಟ್ ಹುಡುಕೋದರಲ್ಲೇ ಬೆಳಗಾಗುತ್ತಿತ್ತು.

ರಾತ್ರಿ ಅದೇ ಲ್ಯಾಪ್‌ಟಾಪ್, ಅದೇ ಇಂಟರ್‌ಫೇಸ್ ಇಟ್ಟುಕೊಂಡು ಎರಡು ಗಂಟೆ ಪರೀಕ್ಷೆ ಮಾಡಿದರೆ ಒಂದೂ ಎಕ್ಸ್‌ರನ್ ಇಲ್ಲ. ಸಂಜೆ ಮೇಳ ಬಂದಾಗ ಮೂರು, ನಾಲ್ಕು. ಆರು ತಿಂಗಳು ಹೀಗೇ. ಕೇಬಲ್ ಬದಲಿಸಿದೆ. ಯುಎಸ್‌ಬಿ ಪೋರ್ಟ್ ಬದಲಿಸಿದೆ. ಫ್ಯಾನ್‌ನಲ್ಲಿ ಕೂತ ನೂಲಿನ ಧೂಳನ್ನು ಪೇಂಟ್ ಬ್ರಷ್‌ನಿಂದ ಉಜ್ಜಿ ತೆಗೆದೆ (ನಮ್ಮೂರಲ್ಲಿ ತಿಂಗಳಿಗೊಮ್ಮೆ ಇದು ಹೇಗೂ ಬೇಕು). ಲಿನಕ್ಸ್‌ಗೆ ಬೈದೆ. ವಾಪಸ್ ಹೋಗಿಬಿಡೋಣ ಅಂತಲೂ ಅನ್ನಿಸಿತ್ತು.

ಅದೇ ದಿನಗಳಲ್ಲಿ ಮುತ್ಯಾ ಒಂದು ತತ್ವಪದ ಹಾಡಿದರು. ಅವರ ಗುರುವಿನಿಂದ ಬಾಯಿಂದ ಬಾಯಿಗೆ ಬಂದದ್ದು, ಎಲ್ಲೂ ಬರೆದಿಟ್ಟಿಲ್ಲ. ವಯಸ್ಸು ಎಂಬತ್ತು ದಾಟಿದೆ, ಆದರೂ ಅವತ್ತು ದನಿ ಎಲ್ಲೂ ಒಡೆಯಲಿಲ್ಲ. ಮೂರನೇ ನುಡಿಯಲ್ಲಿ ಹಾರ್ಮೋನಿಯಂ ಸುರ್ ಹಿಡಿದು ನಿಂತಿದೆ, ಅಲ್ಲಿ ಚಟ್. ಇನ್ನೊಂದು ಸಲ ಹಾಡ್ತೀರಾ ಅಂತ ಕೇಳಿದೆ. ಕೇಳಬಾರದಿತ್ತು.

“ಪದ ಅಂದ್ರ ಸೀರಿ ಏನೋ ತಮ್ಮಾ, ಎಳಿ ಹರೀತು ಅಂತ ಗಂಟ್ ಹಾಕಿ ಮತ್ತ ನೇಯಾಕ? ಹಾಡಿದ್ದಾತು, ಹೋತು.” ಅಷ್ಟು ಹೇಳಿ ಶಲ್ಯ ಹೆಗಲಿಗೆ ಹಾಕಿಕೊಂಡು ಎದ್ದರು.

ಆಗ ಬಾಗಿಲ ಹತ್ತಿರ ಕೂತಿದ್ದ ತಾಳದ ಕಾಕಾ ನನ್ನ ಪರದೆ ನೋಡುತ್ತಾ, ಈ 64 ಅಂದ್ರ ಏನೋ ಅಂದರು. ಬಫರ್ ಅಂತ ಶುರು ಮಾಡಿದೆ. ನಳ ಬಂದಾಗ ತಂಬಿಗೆಯಲ್ಲಿ ನೀರು ಹಿಡಿದು ಹಂಡೆಗೆ ಸುರಿದಂತೆ ಕಾಕಾ, ತಂಬಿಗೆ ಚಿಕ್ಕದಾದರೆ ನೀರು ಬೇಗ ಹಂಡೆ ಸೇರುತ್ತೆ, ಆದರೆ ಓಡಾಟ ಜಾಸ್ತಿ, ಎಡವಿದರೆ ಚೆಲ್ಲುತ್ತೆ. 64 ಅಂದರೆ ಅಷ್ಟು ಚಿಕ್ಕ ತಂಬಿಗೆ. ಹಾಡಿದ್ದು ಹೆಡ್‌ಫೋನ್‌ನಲ್ಲಿ ತಡವಾಗದೆ ಕೇಳಿಸಬೇಕಲ್ಲ, ಅದಕ್ಕೆ.

ಕಾಕಾ ಸುತ್ತ ನೋಡಿದರು. “ನಮ್ಮ ಕಿವ್ಯಾಗ ಯಾರೂ ಏನೂ ಹಾಕ್ಕೊಂಡಿಲ್ಲ. ಮತ್ತ ಅವಸರ ಯಾರಿಗೈತೋ?”

ನನಗೆ ಉತ್ತರ ಬರಲಿಲ್ಲ. ಆರು ತಿಂಗಳಿಂದ ಪರದೇಶದ ಗಿಟಾರ್‌ನವರ ವಿಡಿಯೋ ನೋಡಿ 64 ಇಟ್ಟುಕೊಂಡಿದ್ದೆ. ಸೆಕೆಂಡಿಗೆ 48,000 ಸದ್ದಿನ ತುಣುಕು ಹಿಡಿಯುವ ವೇಗದಲ್ಲಿ 64 ತುಣುಕು ಅಂದರೆ 1.3 ಮಿಲಿಸೆಕೆಂಡ್. ಅವರಿಗೆ ಬೇಕು, ಸರಿ. ಗಿಟಾರ್ ಸದ್ದು ಕಂಪ್ಯೂಟರ್ ಒಳಗೆ ಹೋಗಿ ಪ್ಲಗಿನ್ (ಸದ್ದು ತಿದ್ದುವ ಪುಟ್ಟ ಪ್ರೋಗ್ರಾಮ್) ದಾಟಿ ಕಿವಿಗೆ ಬರಬೇಕು. ನಮ್ಮಲ್ಲಿ ಜಮಖಾನೆ ಮೇಲೆ ಕೂತು ಎದುರುಬದುರು ಹಾಡುತ್ತಾರೆ. 1024 ಇಟ್ಟರೆ 21 ಮಿಲಿಸೆಕೆಂಡ್ ತಡ. ಆ ತಡ ಕೇಳುವವರೇ ಇಲ್ಲ.

ಅವತ್ತೇ ರಾತ್ರಿ ಇನ್ನೊಂದು ಗಂಟೂ ಬಿಚ್ಚಿಕೊಂಡಿತು. ರಾತ್ರಿ ಪರೀಕ್ಷೆ ಮಾಡುವಾಗ ಚಾರ್ಜರ್ ಸಿಗಿಸಿರುತ್ತಿದ್ದೆ. ಸಂಜೆ ಬ್ಯಾಟರಿ. ಬ್ಯಾಟರಿ ಉಳಿಯಲಿ ಅಂತ ಯಾವಾಗಲೋ ನಾನೇ ಪವರ್ ಸೆಟ್ಟಿಂಗ್‌ನಲ್ಲಿ ‘ಬ್ಯಾಟರಿ ಮೇಲಿದ್ದಾಗ ಪವರ್ ಸೇವ್’ ಅಂತ ಹಾಕಿದ್ದೆ. ಚಾರ್ಜರ್ ಕಿತ್ತ ಕೂಡಲೇ ಪ್ರೊಸೆಸರ್ ವೇಗ ಇಳಿಸಿಕೊಂಡು ತೂಕಡಿಸುತ್ತಿತ್ತು. ಕೈಯಲ್ಲಿ ಪುಟ್ಟ ತಂಬಿಗೆ, ಕಣ್ಣಲ್ಲಿ ನಿದ್ದೆ. ಚೆಲ್ಲದೆ ಏನಾದೀತು. ಅದನ್ನು ಪರ್ಫಾರ್ಮೆನ್ಸ್‌ಗೆ ತಂದೆ, ಬಫರ್ 1024 ಮಾಡಿದೆ. ಅದಾಗಿ ಎರಡು ವರ್ಷದ ಮೇಲಾಯಿತು. ಮೂಲೆಯ ಲೆಕ್ಕ ಸೊನ್ನೆ ಬಿಟ್ಟು ಕದಲಿಲ್ಲ. ಬೈದದ್ದನ್ನು ಲಿನಕ್ಸ್ ಮನಸ್ಸಿಗೆ ಹಚ್ಚಿಕೊಂಡಿಲ್ಲ ಅಂದುಕೊಳ್ಳುತ್ತೇನೆ.

ಮುತ್ಯಾನ ಪದ ಹಾಗೇ ಬಿಡಲು ಮನಸ್ಸಾಗಲಿಲ್ಲ. ಆರ್ಡರ್‌ನಲ್ಲಿ ಆ ಜಾಗವನ್ನು ಪರದೆ ತುಂಬ ಹಿಗ್ಗಿಸಿ, ಚಟ್ ಇದ್ದ ಚೂರು ಕತ್ತರಿಸಿ, ಎರಡೂ ಅಂಚನ್ನು ಒಂದರ ಮೇಲೊಂದು ಹತ್ತಿಸಿ ಫೇಡ್ ಹಾಕಿದೆ. ಹಾರ್ಮೋನಿಯಂ ಒಂದೇ ಸುರ್ ಹಿಡಿದಿತ್ತಲ್ಲ, ಬೆಸುಗೆ ಕೂತಿತು. ಮರುವಾರ ಮುತ್ಯಾಗೆ ಕೇಳಿಸಿದೆ. ಆ ಜಾಗ ಬಂದಾಗ ಉಸಿರು ಹಿಡಿದುಕೊಂಡಿದ್ದೆ. ಮುತ್ಯಾ ತಾಳ ತಪ್ಪದೆ ಮೊಣಕಾಲು ತಟ್ಟುತ್ತಾ ದಾಟಿಹೋದರು. ನನಗೆ ಮಾತ್ರ ಈಗಲೂ ಕೇಳಿಸುತ್ತದೆ.

ಪ್ಲಗಿನ್ ವಿಷಯ ಬೇಗ ಮುಗಿಸುತ್ತೇನೆ. ನನಗೆ ಬೇಕಾದದ್ದು ಮೂರು. ದಪ್ಪ, ತೆಳು ಸದ್ದನ್ನು ಹೆಚ್ಚುಕಡಿಮೆ ಮಾಡುವ ಇಕ್ವಲೈಜರ್‌ಗೆ ಎಲ್‌ಎಸ್‌ಪಿ. ದನಿಗೆ ಸ್ವಲ್ಪ ಗುಡಿಯ ಗುಂಗು ಕೊಡಲು ಡ್ರ್ಯಾಗನ್‌ಫ್ಲೈ ರಿವರ್ಬ್, ಅದರಲ್ಲೂ ರೂಮ್. ಹಾಲ್ ಹಾಕಿದರೆ ತಾಳ ಕೆರೆಯ ಆಚೆ ದಡದಲ್ಲಿ ಬಡಿದಂತಾಗುತ್ತದೆ. ಮೂರನೆಯದು ನಾಯ್ಸ್ ರಿಪೆಲೆಂಟ್. ಆ ಖಾಲಿ ಕೋಣೆಯ ಹತ್ತು ಸೆಕೆಂಡ್ ಅದಕ್ಕೆ ಕೇಳಿಸಿದರೆ ಲ್ಯಾಪ್‌ಟಾಪ್ ಫ್ಯಾನಿನ ಸದ್ದನ್ನು ಅಚ್ಚುಕಟ್ಟಾಗಿ ತೆಗೆಯುತ್ತದೆ. ಮಗ್ಗದ ಸದ್ದು ತೆಗೆಯುತ್ತಾ? ಇಲ್ಲ. ಅದು ಒಂದೇ ಸಮ ಇರುವ ಸದ್ದಿಗೆ ಮಾತ್ರ, ಖಟಪಟಕ್ಕಲ್ಲ. ಪ್ರಯತ್ನಿಸಿದಾಗ ತಬಲಾವೂ ಜೊತೆಗೆ ಹೋಯಿತು. ಮೂರೂ ಉಚಿತ.

ವಿಂಡೋಸ್‌ನ ಪ್ಲಗಿನ್‌ಗಳನ್ನೂ ವೈನ್ (ವಿಂಡೋಸ್ ಪ್ರೋಗ್ರಾಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವಂಥದ್ದು) ಮತ್ತು ಯಾಬ್ರಿಜ್ (ಆ ಪ್ಲಗಿನ್‌ಗಳಿಗೆ ಸೇತುವೆ) ಮೂಲಕ ಓಡಿಸಬಹುದು. ಓಡಿಸಿದ್ದೆ. ಒಂದು ಕಂಪನಿಯ ವೋಕಲ್ ಪ್ಲಗಿನ್ ದುಡ್ಡು ಕೊಟ್ಟೇ ಕೊಂಡಿದ್ದೆ. ಪ್ಲಗಿನ್ ಓಡಿತು, ಅದರ ಲೈಸೆನ್ಸ್ ನೋಡುವ ಕಾವಲುಗಾರ ಪ್ರೋಗ್ರಾಮ್ ಓಡಲಿಲ್ಲ. ದುಡ್ಡು ವಾಪಸ್ ಬರಲಿಲ್ಲ. ವೈನ್ ಅಪ್‌ಡೇಟ್ ಆದಾಗಲೆಲ್ಲ ಈ ಸೇತುವೆ ಅಲುಗಾಡುತ್ತದೆ ಕೂಡ. ದೊಡ್ಡ ಕಂಪನಿಗಳ ಪ್ಲಗಿನ್ ಇಲ್ಲದೆ ಆಗುವುದೇ ಇಲ್ಲ ಅನ್ನುವವರು ಲಿನಕ್ಸ್‌ಗೆ ಬರಬೇಡಿ, ಜಗಳವಾಗುತ್ತದೆ.

ಉಬುಂಟು ಸ್ಟುಡಿಯೋದ 22.04 ಆವೃತ್ತಿಯಿಂದ 24.04ಕ್ಕೆ ಹೋದದ್ದರಿಂದ ಆದ ದೊಡ್ಡ ಅನುಕೂಲ, ಎಲ್ಲ ಪ್ರೋಗ್ರಾಮ್‌ಗಳ ಸದ್ದನ್ನೂ ಒಟ್ಟಿಗೆ ನಡೆಸುವ ಪೈಪ್‌ವೈರ್. ಮೊದಲು ಜ್ಯಾಕ್ ಶುರುವಾದರೆ ಸೌಂಡ್ ಕಾರ್ಡ್ ಪೂರ್ತಿ ಅದರ ಕೈವಶ, ಬೇರೆ ಯಾವುದೂ ನೇರವಾಗಿ ಉಸಿರೆತ್ತುವಂತಿರಲಿಲ್ಲ. ಈಗ ಆರ್ಡರ್ ತೆರೆದಿಟ್ಟೇ ಯೂಟ್ಯೂಬ್‌ನಲ್ಲಿ ಹಳೆಯ ಪದ ಹಾಕಿ ಮೇಳದವರಿಗೆ ಧಾಟಿ ಕೇಳಿಸಬಹುದು. ಅಪ್‌ಡೇಟ್ ಮಾತ್ರ ಶ್ರಾವಣ ಮುಗಿಯುವವರೆಗೆ ಮುಟ್ಟಲ್ಲ. ಭಜನೆಯ ತಿಂಗಳಲ್ಲಿ ಯಾರ ಮಾತೂ ಕೇಳಲ್ಲ.

ಐದರಲ್ಲಿ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ಆ ಪ್ಲಗಿನ್ ದುಡ್ಡಿಗೆ. ಲಿನಕ್ಸ್ ಮೇಲೆ ಹಾಕಿದ್ದು ಅನ್ಯಾಯವೇ, ಆದರೆ ಹೊಟ್ಟೆಯುರಿ ಎಲ್ಲಾದರೂ ಹಾಕಬೇಕಲ್ಲ. ಪರ್ಫಾರ್ಮೆನ್ಸ್‌ನಲ್ಲಿ ಇಟ್ಟ ಮೇಲೆ ಬ್ಯಾಟರಿ 50 ನಿಮಿಷಕ್ಕೆ ಕೆಂಪಾಗುತ್ತದೆ. ಮಂಗಳಾರತಿ ಪದ ಇನ್ನೂ ಬಾಕಿ ಇರುತ್ತದೆ. ಕಾಕಾ ಈಗ ಪದದ ನಡುವೆ ನನ್ನ ಪರದೆ ಕಡೆ ನೋಡಿ, ಬ್ಯಾಟರಿ ಕಂಡು, ತಾಳದ ಲಯ ಏರಿಸುತ್ತಾರೆ. ಹೊಸ ಬ್ಯಾಟರಿಗೆ ದುಡ್ಡು ಕೂಡಿಸುತ್ತಿದ್ದೇನೆ.