ಹಗಲು ಹೊತ್ತಿನ ಪ್ರೊಜೆಕ್ಟರ್‌ಗೆ ಮನೆಯಲ್ಲೇ ಮಾಡಿದ ಬೂದು ಪರದೆ: ಎರಡು ಮಳೆಗಾಲ ಕಳೆದ ಮೇಲೆ

ಐದರಲ್ಲಿ ಮೂರೂವರೆ ಸ್ಟಾರ್. ಕ್ರಿಕೆಟ್, ನ್ಯೂಸ್, ಧಾರಾವಾಹಿ ಮಾತ್ರ ನೋಡುವವರು ನಾಲ್ಕು ಅಂತ ಓದಿಕೊಳ್ಳಿ. ಮಧ್ಯಾಹ್ನ ಮೂರು ಗಂಟೆಗೆ ರಾತ್ರಿ ದೃಶ್ಯಗಳೇ ತುಂಬಿರುವ ಸಿನಿಮಾ ನೋಡಬೇಕು ಅನ್ನುವವರಿಗೆ ಎರಡೇ.

ಮನೆ ಇರುವುದು ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ. ಹಳೇ ಬಿಲ್ಡಿಂಗ್, ಮೂರನೇ ಮಹಡಿ, ಲಿಫ್ಟ್ ಇಲ್ಲ, ಬಾಡಿಗೆ ಮನೆ. ಹಾಲ್‌ನ ದೊಡ್ಡ ಕಿಟಕಿ ಪಶ್ಚಿಮಕ್ಕಿದೆ. ಗೋಡೆಗೇ ಬಣ್ಣ ಹೊಡೆಯೋಣ ಅಂದರೆ ಡೆಪಾಸಿಟ್ ಮಾಲೀಕರ ಕೈಯಲ್ಲಿದೆ, ಹಾಗಾಗಿ ಬೋರ್ಡ್ ತಂದು ಅದಕ್ಕೆ ಬಣ್ಣ ಹೊಡೆದೆ. ಪ್ರೊಜೆಕ್ಟರ್ ಆಫೀಸುಗಳಲ್ಲಿ ಇರುವಂಥದ್ದು: 3ಎಲ್‌ಸಿಡಿ (ಒಳಗೆ ಮೂರು ಎಲ್‌ಸಿಡಿ ಫಲಕ ಇರುವ ಬಗೆ), 3300 ಲ್ಯೂಮೆನ್ (ಅದು ಚೆಲ್ಲುವ ಒಟ್ಟು ಬೆಳಕಿನ ಅಳತೆ), ಸೆಕೆಂಡ್ ಹ್ಯಾಂಡ್. ಲ್ಯಾಂಪ್ ಮಾತ್ರ ಹೊಸದು ಹಾಕಿಸಿದ್ದೆ.

ಹಗಲಲ್ಲೇ ಯಾಕೆ ಅಂತ ಕೇಳಬಹುದು. ಇಂಗ್ಲೆಂಡಿನ ಟೆಸ್ಟ್ ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 3:30ಕ್ಕೆ ಶುರುವಾಗುತ್ತದೆ. ಸರಿಯಾಗಿ ಆ ಹೊತ್ತಿಗೇ ನಮ್ಮ ಕಿಟಕಿಗೆ ಬಿಸಿಲು ಬರುತ್ತದೆ. ಲಂಚ್ ಮುಗಿದು ಎರಡನೇ ಸೆಷನ್ 6:10ಕ್ಕೆ. ಅಷ್ಟು ಹೊತ್ತಿಗೆ ಬಿಸಿಲಿನ ಜೋರು ಇಳಿದಿರುತ್ತದೆ. ಆದರೆ ಹೊಸ ಚೆಂಡಿನ ಆಟ ಪೂರ್ತಿ ಮೊದಲ ಸೆಷನ್‌ನಲ್ಲೇ ಮುಗಿದುಹೋಗಿರುತ್ತದಲ್ಲ! ಇದಲ್ಲದೆ ಅಮ್ಮನ ಮಧ್ಯಾಹ್ನದ ಧಾರಾವಾಹಿ ಬೇರೆ.

ಬೂದು ಪರದೆ ಹಾಕಿದರೆ ಹಗಲಲ್ಲೂ ಕಪ್ಪು ಕಪ್ಪಾಗಿ ಕಾಣುತ್ತದೆ, ಕಾಂಟ್ರಾಸ್ಟ್ ಏರುತ್ತದೆ ಅಂತ ಜನ ಹೇಳುತ್ತಾರೆ. ಅದರಲ್ಲಿ ಅರ್ಧ ನಿಜ, ಅರ್ಧ ಗಾಳಿಮಾತು. ಅದನ್ನು ಬಿಡಿಸಿ ಹೇಳದೆ ಪರದೆಯ ಗುಣ ಹೇಳಲು ಬರುವುದಿಲ್ಲ.

ಪ್ರೊಜೆಕ್ಟರ್ ಕಪ್ಪು ಬಣ್ಣವನ್ನು ಎಸೆಯಲಾರದು. ಕಪ್ಪು ಬೇಕಾದ ಕಡೆ ಬೆಳಕು ಬಿಡದೆ ಸುಮ್ಮನಿರುತ್ತದೆ, ಅಷ್ಟೇ. ಆ ಜಾಗದಲ್ಲಿ ನಮಗೆ ಕಾಣುವುದು ಪರದೆಯ ಸ್ವಂತ ಬಣ್ಣ. ಹಗಲಲ್ಲಿ ಬಿಳಿ ಪರದೆ ಬಿಳಿಯಾಗಿಯೇ ಇರುತ್ತದೆ. ಹೀರೋನ ಕಪ್ಪು ಕೋಟು ಮಾಸಿದ ಬನಿಯನ್ ತರ ಕಾಣುವುದು ಅದಕ್ಕೇ. ಪರದೆಗೆ ಬೂದು ಬಣ್ಣ ಹೊಡೆದರೆ ಆ 'ಕಪ್ಪು' ಸ್ವಲ್ಪ ಕೆಳಗಿಳಿಯುತ್ತದೆ. ಇಲ್ಲಿವರೆಗೆ ನಿಜ.

ಆದರೆ ಬಣ್ಣಕ್ಕೆ ಯಾವುದು ಪ್ರೊಜೆಕ್ಟರ್ ಬೆಳಕು, ಯಾವುದು ಕಿಟಕಿ ಬೆಳಕು ಅಂತ ಗೊತ್ತಾಗುವುದಿಲ್ಲ. ಎರಡನ್ನೂ ಒಂದೇ ಲೆಕ್ಕದಲ್ಲಿ ನುಂಗುತ್ತದೆ. ಕಪ್ಪು ಎಷ್ಟು ಇಳಿಯುತ್ತದೋ ಬಿಳಿಯೂ ಅಷ್ಟೇ ಇಳಿಯುತ್ತದೆ. ಅಂದರೆ ಕಿಟಕಿ ಬೆಳಕಿನ ಮುಂದೆ ಕಾಂಟ್ರಾಸ್ಟ್ ಅನುಪಾತ (ಬಿಳಿ ಕಪ್ಪಿಗಿಂತ ಎಷ್ಟು ಪಟ್ಟು ಬೆಳಗುತ್ತದೆ ಅನ್ನುವುದು) ಇದ್ದಲ್ಲೇ ಇರುತ್ತದೆ. ಅದು ಬದಲಾಗುವುದು ಎರಡೇ ರೀತಿಯಲ್ಲಿ: ಪರದೆ ಮೇಲೆ ಬೀಳುವ ಹೊರಗಿನ ಬೆಳಕು ಕಡಿಮೆಯಾಗಬೇಕು, ಇಲ್ಲವೇ ಪ್ರೊಜೆಕ್ಟರ್ ಬೆಳಕು ಜಾಸ್ತಿಯಾಗಬೇಕು. ಚಿತ್ರವನ್ನು ಚಿಕ್ಕದು ಮಾಡಿದರೂ ಜಾಸ್ತಿ ಮಾಡಿದಂತೆಯೇ.

ನನ್ನದೇ ಲೆಕ್ಕ ನೋಡಿ. ಎಂಟಡಿ ನಾಲ್ಕಡಿ ಬೋರ್ಡಿನ ಪೂರ್ತಿ ಎತ್ತರ ಬಳಸಿದರೆ 16:9 ಚಿತ್ರ (ಅಗಲ 16 ಪಾಲು, ಎತ್ತರ 9 ಪಾಲು) ಮೂಲೆಯಿಂದ ಮೂಲೆಗೆ 98 ಇಂಚು ಬರುತ್ತದೆ. ನನ್ನ ಪ್ರೊಜೆಕ್ಟರ್ 16:10, ಹಾಗಾಗಿ ಹತ್ತು ಪರ್ಸೆಂಟ್ ಬೆಳಕು ಮೇಲೆ ಕೆಳಗೆ ಕಪ್ಪು ಪಟ್ಟಿಯಲ್ಲಿ ಹೋಗುತ್ತದೆ. ಉಳಿದದ್ದು ಸುಮಾರು 2970 ಲ್ಯೂಮೆನ್. 98 ಇಂಚಿಗೆ ಹರಡಿದರೆ 1125 ಲಕ್ಸ್ (ಒಂದು ಚದರ ಮೀಟರಿಗೆ ಬೀಳುವ ಲ್ಯೂಮೆನ್). ಅದೇ 86 ಇಂಚಿಗೆ ಇಳಿಸಿದರೆ 1450 ಹತ್ತಿರ. ಪರದೆ ಮೇಲೆ ಹೊರಗಿನ ಬೆಳಕು 100 ಲಕ್ಸ್ ಇದ್ದರೆ ಅನುಪಾತ 12ರಿಂದ 15ಕ್ಕೆ ಏರುತ್ತದೆ. ಹೊರಗಿನ ಬೆಳಕು 300 ಲಕ್ಸ್ ಆಗಿಬಿಟ್ಟರೆ 98 ಇಂಚಿನಲ್ಲಿ 5 ಕೂಡ ಸಿಗುವುದಿಲ್ಲ. ಬಿಳಿಯಾಗಲಿ ಬೂದಾಗಲಿ, ಯಾವ ಬಣ್ಣವೂ ಅದನ್ನು ಎತ್ತಲಾರದು. ನಾನು 86ರಲ್ಲೇ ಇದ್ದೇನೆ, ಆಗ ಸುತ್ತ ಮೂರು ಇಂಚು ಕಪ್ಪು ಬಾರ್ಡರ್‌ಗೂ ಜಾಗ ಸಿಗುತ್ತದೆ.

ಹಾಗಾದರೆ ಬೂದು ಬಣ್ಣ ಯಾಕೆ? ಕಣ್ಣಿಗೋಸ್ಕರ. ಸುತ್ತ ಕ್ರೀಮ್ ಗೋಡೆ, ನಡುವೆ ಬೂದು ಬೋರ್ಡ್ ಇದ್ದರೆ ಗೋಡೆಗಿಂತ ಮಬ್ಬಾಗಿರುವುದನ್ನೆಲ್ಲ ಕಣ್ಣು ಕಪ್ಪು ಅಂತ ಒಪ್ಪಿಕೊಳ್ಳುತ್ತದೆ. ಕಪ್ಪು ಬಾರ್ಡರ್ ಇದ್ದರೆ ಇನ್ನೂ ಸುಲಭವಾಗಿ ಒಪ್ಪುತ್ತದೆ. ರಾತ್ರಿ ಇನ್ನೊಂದು ಲಾಭ. ಪರದೆಯಿಂದ ಹೊರಟ ಬೆಳಕು ಗೋಡೆ, ಸೀಲಿಂಗಿಗೆ ಬಡಿದು ಮತ್ತೆ ಪರದೆಗೇ ಬರುತ್ತದೆ. ಬೂದು ಪರದೆಯಲ್ಲಿ ಈ ಓಡಾಟ ಕಡಿಮೆ. ತಿಳಿ ಗೋಡೆಯ ಚಿಕ್ಕ ಹಾಲ್‌ಗಳಲ್ಲಿ ಇದು ಎದ್ದು ಕಾಣುತ್ತದೆ.

ಇದಕ್ಕೆ ಬೆಲೆ ತೆರುವುದು ಬೆಳಕಿನಲ್ಲಿ. ನಾನು ಹೊಡೆದದ್ದು ಮನ್ಸೆಲ್ ಬಣ್ಣದ ಪಟ್ಟಿಯಲ್ಲಿ ಎನ್8 ಅನ್ನುವ ಬೂದಿನ ಆಸುಪಾಸು, ಅದು ಬಿದ್ದ ಬೆಳಕಿನಲ್ಲಿ ಸುಮಾರು 60 ಪರ್ಸೆಂಟ್ ವಾಪಸ್ ಕೊಡುತ್ತದೆ. ಆದರೂ ನನ್ನ ಪ್ರೊಜೆಕ್ಟರ್‌ಗೆ ಕಾಗದದ ಲೆಕ್ಕದಲ್ಲಿ 270 ನಿಟ್ (ಪರದೆ ಎಷ್ಟು ಬೆಳಗುತ್ತದೆ ಅನ್ನುವುದರ ಅಳತೆ) ಉಳಿಯುತ್ತದೆ. ಸಿನಿಮಾ ಥಿಯೇಟರಿನ ಡಿಜಿಟಲ್ ಮಾನದಂಡವೇ 48 ನಿಟ್. ಲ್ಯಾಂಪ್ ಹಳತಾಗಿ, ಬಣ್ಣ ಸರಿಯಿರುವ ಮೋಡ್‌ಗೆ ಹಾಕಿ ಅರ್ಧ ಕಳೆದರೂ ಕೈಯಲ್ಲಿ ಬೇಕಾದಷ್ಟಿದೆ. ನಿಮ್ಮದು ಡಬ್ಬಿ ಮೇಲೆ ದೊಡ್ಡ ನಂಬರ್ ಬರೆದು ನಿಜಕ್ಕೂ 200-300 ಎಎನ್‌ಎಸ್‌ಐ ಲ್ಯೂಮೆನ್ (ಮಾನಕ ಪದ್ಧತಿಯಲ್ಲಿ ಅಳೆದದ್ದು) ಕೊಡುವ ಪುಟ್ಟ ಪ್ರೊಜೆಕ್ಟರ್ ಆಗಿದ್ದರೆ ಬೂದು ಬಣ್ಣದ ಸುದ್ದಿಗೇ ಹೋಗಬೇಡಿ. ಇದ್ದ ಬೆಳಕೂ ಹೋಗುತ್ತದೆ.

ಬೋರ್ಡ್ ಅಂದರೆ 8 ಎಂಎಂ ಪಿವಿಸಿ ಫೋಮ್ ಬೋರ್ಡ್, ಹಿಂದೆ ಅಲ್ಯುಮಿನಿಯಂ ಪೈಪಿನ ಚೌಕಟ್ಟು. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ನುಣುಪಾಗಿರುತ್ತದೆ, ಅಗ್ಗ ಕೂಡ. ಆದರೆ ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಅಂಚು ಉಬ್ಬುತ್ತದೆ. ಪ್ಲೈವುಡ್ ಆದರೆ ಮರದ ಗೆರೆ ಮುಚ್ಚಲು ಪುಟ್ಟಿ ಬಳಿದು ಉಜ್ಜಬೇಕು. ಪಿವಿಸಿ ಹಗುರ, ಮೂರು ಮಹಡಿ ಮೆಟ್ಟಿಲು ಹತ್ತಿಸುವವರಿಗೆ ಅದೇ ದೊಡ್ಡ ವಿಷಯ. ನೇರವಾಗಿ ಬಣ್ಣ ಹಿಡಿಯುವುದಿಲ್ಲ. 320 ನಂಬರ್ ಪಾಲಿಶ್ ಪೇಪರ್‌ನಲ್ಲಿ ಹೊಳಪು ಹೋಗುವಷ್ಟು ಉಜ್ಜಿ, ಪ್ರೈಮರ್ ಹೊಡೆದು, ಆಮೇಲೆ ಬಣ್ಣ.

ಬಣ್ಣ ಮ್ಯಾಟ್ ಎಮಲ್ಷನ್ನೇ ಆಗಬೇಕು. ಸ್ವಲ್ಪ ಹೊಳಪು ಇದ್ದರೂ ಪ್ರೊಜೆಕ್ಟರ್‌ನ ಕಣ್ಣು ಪರದೆಯ ನಡುವೆ ಹೊಳೆಯುತ್ತದೆ. ಬೂದು ಅಂದರೆ ಎಲ್ಲಾ ಒಂದೇ ಅಲ್ವಾ ಅನ್ನಬೇಡಿ. ಶೇಡ್ ಕಾರ್ಡಿನ ಬೂದುಗಳಲ್ಲಿ ಹೆಚ್ಚಿನವು ಒಂದೋ ನೀಲಿಗೆ ವಾಲುತ್ತವೆ, ಇಲ್ಲ ಕಂದು ಬಣ್ಣಕ್ಕೆ. ಗೋಡೆಗೆ ಅದು ಚೆಂದ, ಪರದೆಗೆ ಹಾಳು. ಎಲ್ಲರ ಮುಖವೂ ಜ್ವರ ಬಂದವರ ಹಾಗೆ ಕಾಣುತ್ತದೆ. ಬಿಳಿ ಎಮಲ್ಷನ್‌ಗೆ ಕಪ್ಪು ಸ್ಟೇನರ್ ಬಾಟಲಿ ಸುರಿದು ಮನೆಯಲ್ಲೇ ಕಲಸುವ ಪದ್ಧತಿಯೂ ಇದೆ. ಅದು ನನಗೆ ಇಷ್ಟವಿಲ್ಲ, ಅದೇ ಬೂದು ಇನ್ನೊಮ್ಮೆ ಬರುವುದಿಲ್ಲ. ಅಂಗಡಿಯ ಟಿಂಟಿಂಗ್ ಮಷೀನ್‌ನಲ್ಲಿ ಮಾಡಿಸಿದರೆ ಡಬ್ಬಿ ಮೇಲೆ ಕೋಡ್ ಇರುವ ಸ್ಟಿಕ್ಕರ್ ಅಂಟಿಸಿ ಕೊಡುತ್ತಾರೆ. ಅದರ ಫೋಟೋ ತೆಗೆದಿಟ್ಟುಕೊಳ್ಳಿ.

ಅಂಗಡಿಯ ಕಾಕಾಗೆ ನಾನು ಯಾವ ಕೋಣೆಗೆ ಬಣ್ಣ ಒಯ್ಯುತ್ತಿದ್ದೇನೆ ಅನ್ನುವುದೇ ಅರ್ಥವಾಗಲಿಲ್ಲ. ಇಷ್ಟು ಬೇಜಾರಿನ ಗ್ರೇ ಯಾರೂ ಒಯ್ಯುವುದಿಲ್ಲ ಅಂದರು. ಸ್ಯಾಂಪಲ್ ತಂದು ರಟ್ಟಿಗೆ ಹಚ್ಚಿ, ಪಕ್ಕದಲ್ಲಿ ಬಿಳಿ ಕಾಗದ ಇಟ್ಟು, ಎರಡರ ಮೇಲೂ ಪ್ರೊಜೆಕ್ಟರ್‌ನಿಂದ ಬಿಳಿ ಬೆಳಕು ಬಿಟ್ಟು ನೋಡಿದರೆ ವಾಲಿಕೆ ತಕ್ಷಣ ಗೊತ್ತಾಗುತ್ತದೆ. ಹೊಡೆಯಲು ಸಣ್ಣ ಕೂದಲಿನ ಮೈಕ್ರೋಫೈಬರ್ ರೋಲರ್. ಒಂದು ಅಂಚು ಒಣಗುವ ಮೊದಲೇ ಪಕ್ಕದ್ದು ಅದರ ಮೇಲೆ ಸ್ವಲ್ಪ ಹತ್ತಬೇಕು. ಫ್ಯಾನ್ ಆಫ್ ಮಾಡಿ, ಇಲ್ಲದಿದ್ದರೆ ಬೇಗ ಒಣಗಿ ಪಟ್ಟೆ ಬೀಳುತ್ತದೆ.

ಚಿತ್ರ ಬೆಳಗಲಿ ಅಂತ ಬೂದು ಬಣ್ಣಕ್ಕೆ ಬೆಳ್ಳಿ ಬಣ್ಣ ಬೆರೆಸುವವರೂ ಇದ್ದಾರೆ, ಅದಕ್ಕೂ ಒಂದು ಮಾತು. ನೀರಿನ ಮೆಟಾಲಿಕ್ ಸಿಲ್ವರ್ ಬೆರೆಸಿದ ಬೂದನ್ನು ಬೋರ್ಡಿನ ಹಿಂಭಾಗಕ್ಕೆ ಹೊಡೆದು ನೋಡಿದ್ದೇನೆ. ಎದುರಿಗೆ ಕೂತವರಿಗೆ ಚಿತ್ರ ನಿಜಕ್ಕೂ ಬೆಳಗುತ್ತದೆ. ಪಕ್ಕದಿಂದ ಬರುವ ಕಿಟಕಿ ಬೆಳಕು ಇನ್ನೊಂದು ಪಕ್ಕಕ್ಕೆ ಜಾರುತ್ತದೆ. ತತ್ವದಲ್ಲಿ ಸರಿ, ದುಡ್ಡು ಕೊಟ್ಟು ತರುವ ಎಎಲ್‌ಆರ್ ಪರದೆಗಳೂ (ಹೊರಗಿನ ಬೆಳಕನ್ನು ಬೇರೆ ಕಡೆ ತಳ್ಳುವಂಥವು) ಬೆಳಕು ಬರುವ ದಿಕ್ಕನ್ನೇ ನೋಡಿ ಕೆಲಸ ಮಾಡುತ್ತವೆ. ಅವುಗಳಲ್ಲಿ ಅದಕ್ಕೆ ಸಣ್ಣ ಸಣ್ಣ ಗೀರುಗಳ ರಚನೆ ಇರುತ್ತದೆ, ನಮ್ಮಲ್ಲಿರುವುದು ರೋಲರ್ ಎಳೆದ ದಿಕ್ಕಿನಲ್ಲಿ ಮಲಗಿದ ಬೆಳ್ಳಿ ಪುಡಿ. ಫೀಲ್ಡರ್ ಚೆಂಡಿನ ಹಿಂದೆ ಓಡುತ್ತಾನೆ, ಕ್ಯಾಮೆರಾ ಅವನ ಜೊತೆ ಹಸಿರು ಹುಲ್ಲಿನ ಮೇಲೆ ಅಡ್ಡಕ್ಕೆ ಸರಿಯುತ್ತದೆ. ಆಗ ರೋಲರಿನ ಒಂದೊಂದು ಗೆರೆಯೂ ಹುಲ್ಲಿನ ಮೇಲೆ ಜಾಲರಿ ಹಾಕಿದಂತೆ ನಿಂತಲ್ಲೇ ನಿಂತು ಕಾಣುತ್ತದೆ. ಒಮ್ಮೆ ಕಂಡರೆ ಮುಗಿಯಿತು, ಆಮೇಲೆ ಅದೇ ಕಾಣುವುದು. ಸ್ಪ್ರೇ ಗನ್ ಇರುವವರು ಬೇಕಾದರೆ ಪ್ರಯತ್ನಿಸಿ. ರೋಲರ್‌ನವರಿಗೆ ಸಾದಾ ಬೂದೇ ಸಾಕು.

ಪರದೆಯ ನಿಜವಾದ ಪರೀಕ್ಷೆ ನನ್ನ ಪಾಲಿಗೆ 2025ರ ಆಗಸ್ಟ್ 4. ಓವಲ್ ಟೆಸ್ಟಿನ ಕೊನೇ ದಿನ. ಇಂಗ್ಲೆಂಡ್‌ಗೆ 35 ರನ್ ಬೇಕು, ನಮಗೆ 4 ವಿಕೆಟ್. ಹೊರಗೆ ಮೋಡ, ಆದರೆ ಬಿಳಿ ಮೋಡ. ಅದು ಬಿಸಿಲಿಗಿಂತ ಕಷ್ಟ, ಎಲ್ಲಾ ಕಡೆಯಿಂದ ಬೆಳಕು ಬರುತ್ತದೆ. ಪಕ್ಕದ ಮನೆಯವರೂ ಬಂದು ಕೂತಿದ್ದರು. ನಮ್ಮ ಪ್ರಸಿದ್ಧ್ ಕೃಷ್ಣನ ಮೊದಲ ಎರಡು ಚೆಂಡೂ ಬೌಂಡರಿಗೆ ಹೋದವು, ಪರದೆ ವಿಮರ್ಶೆ ಮಾಡುವ ಮನಸ್ಸು ಯಾರಿಗಿರುತ್ತದೆ! ಆದರೂ ಗಮನಿಸಿದ್ದು ಹೇಳುತ್ತೇನೆ. ಹಳೇ ಕೆಂಪು ಚೆಂಡು ಪಿಚ್ ಮೇಲೆ ಸರಿಯಾಗಿ ಕಂಡಿತು, ಬೌಂಡರಿ ಹತ್ತಿರದ ಕಡುಹಸಿರಿನಲ್ಲಿ ಆಗಾಗ ಕಳೆದುಹೋಯಿತು. ಒಂದು ಕೈ ಸ್ವೆಟರ್ ಒಳಗೆ ಕಟ್ಟಿಕೊಂಡು ಇಂಗ್ಲೆಂಡಿನ ವೋಕ್ಸ್ ಬ್ಯಾಟಿಂಗಿಗೆ ಇಳಿದು ಬಂದಾಗ ಬಿಳಿ ಸ್ವೆಟರಿನ ಮಡಿಕೆ ಕೂಡ ಕಾಣುತ್ತಿತ್ತು. ಸ್ಟ್ಯಾಂಡಿನ ನೆರಳಲ್ಲಿ ಕೂತ ಜನ ಮಾತ್ರ ಒಂದೇ ಮುದ್ದೆ. ಸ್ಕೋರ್ ಪಟ್ಟಿ ಹಿಂದಿನ ಸೋಫಾದಿಂದಲೂ ಓದಬಹುದಿತ್ತು. ಸಿರಾಜ್ ಅಟ್ಕಿನ್ಸನ್‌ನ ಸ್ಟಂಪ್ ಹಾರಿಸಿದ, 6 ರನ್‌ನಿಂದ ಗೆದ್ದೆವು. ಮೊದಲ ಸೆಷನ್ ಅರ್ಧವೂ ಆಗಿರಲಿಲ್ಲ.

ಇದರಲ್ಲಿ ಬಣ್ಣದ ಪಾಲು ಎಷ್ಟು? ಕಡಿಮೆ. ದೊಡ್ಡ ಪಾಲು ಪರದೆ ಇಟ್ಟ ಜಾಗದ್ದು, ಆಮೇಲೆ ಕರ್ಟನ್‌ದು. ಕಿಟಕಿಯ ಎದುರು ಗೋಡೆಗೆ ಪರದೆ ಇಟ್ಟರೆ ಕೆಟ್ಟಿತು, ಬೆಳಕೆಲ್ಲ ನೇರ ಅದರ ಮುಖಕ್ಕೆ. ನನ್ನದು ಪಕ್ಕದ ಗೋಡೆಯಲ್ಲಿ, ಕಿಟಕಿ ಮೂಲೆಗೆ ಒತ್ತಿಕೊಂಡಿದೆ. ಬೆಳಕು ಓರೆಯಾಗಿ ಸವರಿ ಹೋಗುತ್ತದೆ. ಪರದೆಗೆ ಹತ್ತಿರವಿರುವ ಅರ್ಧ ಕಿಟಕಿಗೆ ಬ್ಲ್ಯಾಕ್‌ಔಟ್ ಕರ್ಟನ್, ಉಳಿದ ಅರ್ಧಕ್ಕೆ ಮಾಮೂಲಿ ತೆಳು ಕರ್ಟನ್. ಮನೆ ಗುಹೆ ಆಗುವುದಿಲ್ಲ. ಅಮ್ಮ ಅಲ್ಲೇ ಕೂತು ಅಕ್ಕಿ ಆರಿಸಬಹುದು, ಪರದೆಯೂ ಕಾಣುತ್ತದೆ. ಟ್ಯೂಬ್‌ಲೈಟ್ ಹಾಕಿದರೆ ಮಾತ್ರ ಎಲ್ಲಾ ಕೆಡುತ್ತದೆ.

ಅಮ್ಮನ ವಿಮರ್ಶೆ ಬೇರೆ. "ಬಿಳೀ ಗೋಡೆ ಇರುವಾಗ ಈ ಬೂದಿ ಬಣ್ಣ ಎಂತಕ್ಕೆ ಮಾರಾಯಾ?" ಅಂತ ಮೊದಲ ವಾರವೆಲ್ಲ ಕೇಳಿದರು. ಆಮೇಲೆ ನಿಲ್ಲಿಸಿದರು. ಧಾರಾವಾಹಿಗಳಲ್ಲಿ ಎಲ್ಲರೂ ಜರಿ ಸೀರೆ ಉಟ್ಟು ಝಗಮಗ ದೀಪದಡಿ ನಿಂತಿರುವುದರಿಂದ ಈ ಪರದೆಗೆ ಅದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ.

ಬಾಳಿಕೆ. ಮೊದಲ ಮಳೆಗಾಲದಲ್ಲಿ ಹಿಂಬದಿ ಬೂಷ್ಟು ಹಿಡಿಯಿತು. ಅದು ಹೊರಗೋಡೆ, ತೇವ ಎಳೆಯುತ್ತದೆ. ಚೌಕಟ್ಟಿಗೆ ರಬ್ಬರ್ ಬುಷ್ ಕೊಟ್ಟು ಗೋಡೆಯಿಂದ ಎರಡು ಬೆರಳು ದೂರ ನಿಲ್ಲಿಸಿದ ಮೇಲೆ ಎರಡನೇ ಮಳೆಗಾಲ ಚೊಕ್ಕವಾಗಿ ಕಳೆಯಿತು. ಬಣ್ಣ ಎಲ್ಲೂ ಏಳಲಿಲ್ಲ, ಹಳದಿಯಾಗಲಿಲ್ಲ. ಬೋರ್ಡ್ ಸೊಟ್ಟಗಾಗಿಲ್ಲ.

ಮ್ಯಾಟ್ ಬಣ್ಣದ ದೊಡ್ಡ ತೊಂದರೆ ಅಂದರೆ ಅದನ್ನು ಒರೆಸಲು ಬರುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಉಜ್ಜಿದ ಜಾಗ ನುಣ್ಣಗಾಗಿ ಹೊಳೆಯುತ್ತದೆ. ಬಲಗಡೆ ಕೆಳಗೆ ಯಾರೋ ಸೊಳ್ಳೆ ಹೊಡೆದರು. ರಕ್ತದ ಕಲೆ ಹೋಯಿತು, ಒರೆಸಿದ ಜಾಗ ಈಗ ಸಂಜೆ ಬೆಳಕಿಗೆ ನಾಣ್ಯದಷ್ಟು ಅಗಲ ಮಿನುಗುತ್ತದೆ. ಚಿತ್ರ ಓಡುವಾಗ ಕಾಣುವುದಿಲ್ಲ ಅನ್ನಿ. ಅದೊಂದಕ್ಕೇ ಬ್ರಷ್‌ನಲ್ಲಿ ಟಚ್‌ಅಪ್ ಮಾಡಿದರೆ ಇನ್ನೂ ಎದ್ದು ಕಾಣುತ್ತದೆ, ಇಡೀ ಬೋರ್ಡಿಗೇ ಒಂದು ಕೋಟ್ ಎಳೆಯಬೇಕು. ಧೂಳಿಗೆ ಒಣ ಮೆತ್ತನೆ ಬ್ರಷ್ ಸಾಕು. ಹಲ್ಲಿಗಳಿಗೆ ಬೋರ್ಡಿನ ಹಿಂದಿನ ಸಂದು ಬಹಳ ಇಷ್ಟವಾಗಿದೆ, ಅದಕ್ಕೆ ನನ್ನಲ್ಲಿ ಉಪಾಯವಿಲ್ಲ. ಬಾರ್ಡರಿನ ಕಪ್ಪು ವೆಲ್ವೆಟ್ ಬಟ್ಟೆ ಪ್ರೊಜೆಕ್ಟರಿನಿಂದ ಅಂಚಿಗೆ ಚೆಲ್ಲುವ ಬೆಳಕನ್ನು ಚೆನ್ನಾಗಿ ನುಂಗುತ್ತದೆ. ಹತ್ತಿಯ ಎಳೆ, ಕೂದಲು ಎಲ್ಲಾ ಹಿಡಿದುಕೊಳ್ಳುತ್ತದೆ, ತಿಂಗಳಿಗೊಮ್ಮೆ ಟೇಪ್ ಒತ್ತಿ ಎತ್ತಬೇಕು.

ಖರ್ಚು ಬೋರ್ಡ್, ಪೈಪ್, ಪ್ರೈಮರ್, ಬಣ್ಣ, ಬಟ್ಟೆ ಎಲ್ಲಾ ಸೇರಿ ಐದು ಸಾವಿರದ ಒಳಗೆ. ಅದರಲ್ಲಿ ಬಣ್ಣದ್ದು ಚಿಕ್ಕ ಭಾಗ. ಬ್ಲ್ಯಾಕ್‌ಔಟ್ ಕರ್ಟನ್ ಬೇರೆ. ಕೊಂಡು ತರುವ ಒಳ್ಳೆ ಎಎಲ್‌ಆರ್ ಪರದೆಗೆ ಹತ್ತಾರು ಸಾವಿರ ಬೇಕು. ಅದು ನಿಜಕ್ಕೂ ಇದಕ್ಕಿಂತ ಚೆನ್ನಾಗಿರುತ್ತದೆ, ಅದರಲ್ಲಿ ವಾದವಿಲ್ಲ. ಕೈಯಲ್ಲಿ ಸ್ವಲ್ಪವೇ ದುಡ್ಡಿದ್ದರೆ ಮೊದಲು ಕರ್ಟನ್ ತನ್ನಿ, ಪರದೆಯ ಜಾಗ ಬದಲಿಸಿ, ಚಿತ್ರ ಚಿಕ್ಕದು ಮಾಡಿ ಒಂದು ವಾರ ನೋಡಿ. ಆಮೇಲೂ ಕಪ್ಪು ಮಾಸಿದಂತೆ ಅನ್ನಿಸಿದರೆ ಪೇಂಟ್ ಅಂಗಡಿಗೆ ಹೋಗಿ.

ನನ್ನ ಲ್ಯಾಂಪ್ ಈಗ ಮೊದಲಿನಷ್ಟು ಬೆಳಗುತ್ತಿಲ್ಲ. ಲ್ಯಾಂಪಿನ ಆಯಸ್ಸು ಅಂತ ಬರೆದಿರುವುದೇ ಸಾಮಾನ್ಯವಾಗಿ ಬೆಳಕು ಅರ್ಧಕ್ಕೆ ಇಳಿಯುವವರೆಗಿನ ಗಂಟೆಗಳು. ಹಾಗಾಗಿ ಮುಂದಿನ ಕೋಟ್ ಒಂದು ಮೆಟ್ಟಿಲು ತಿಳಿ ಬೂದು ಹೊಡೆಯುವುದೋ, ಇದೇ ಶೇಡ್ ಇಟ್ಟುಕೊಂಡು ಹೊಸ ಲ್ಯಾಂಪಿಗೆ ದುಡ್ಡು ಹಾಕುವುದೋ ಅನ್ನುವ ಲೆಕ್ಕ ನಡೆದಿದೆ. ತಿಳಿ ಶೇಡಿನ ರಟ್ಟು ಸದ್ಯ ಬೋರ್ಡಿನ ಮೂಲೆಯಲ್ಲಿ ಟೇಪ್ ಹಾಕಿಕೊಂಡು ಕೂತಿದೆ. ಅಮ್ಮ ಮತ್ತೆ ಪ್ರಶ್ನೆ ಕೇಳಲು ಶುರುಮಾಡಿದ್ದಾರೆ.