ಸದಾಶಿವಗಡದಲ್ಲಿ ವಾಸ: ಮರದ ನೆರಳು, ಹೆದ್ದಾರಿ, ಒಂದೇ ಸೇತುವೆ

ಕಾರವಾರಕ್ಕೆ ವರ್ಗವಾಗಿ ಬರುವವರು ಮನೆ ಹುಡುಕುವಾಗ ಕೇಳುವುದು ಇದೊಂದನ್ನೇ: ಊರೊಳಗೆ ಇರಬೇಕಾ, ಇಲ್ಲ ಕಾಳಿ ಹೊಳೆ ದಾಟಿ ಸದಾಶಿವಗಡದ ಕಡೆ ಹೋಗಬೇಕಾ? ನಾವು ಇರುವುದು ಸದಾಶಿವಗಡದಲ್ಲಿ. ಹಳೇ ಸೇತುವೆ ಬೀಳುವ ಮುಂಚೆಯೂ ಇಲ್ಲಿದ್ದೆವು, ಬಿದ್ದ ಮೇಲೂ ಇದ್ದೇವೆ. ಇರಲಿಕ್ಕೆ ಇದಕ್ಕಿಂತ ಒಳ್ಳೆ ಜಾಗ ಕಾರವಾರದ ಸುತ್ತ ನಾನು ನೋಡಿಲ್ಲ. ಆದರೆ ನಿಮ್ಮ ದಿನದ ಓಡಾಟ ಹೊಳೆಯ ಯಾವ ಕಡೆಗೆ ಅನ್ನುವುದನ್ನು ಮೊದಲು ಲೆಕ್ಕ ಹಾಕಿ. ಇಲ್ಲಿ ಬದುಕು ಸುಲಭವಾಗುವುದೂ ಕಷ್ಟವಾಗುವುದೂ ಅದರ ಮೇಲೇ ನಿಂತಿದೆ.

ಮರಗಳಿಂದ ಶುರು ಮಾಡುತ್ತೇನೆ, ನಾವು ಇಲ್ಲಿಗೆ ಬಂದದ್ದೇ ಅದಕ್ಕೆ. ಕೋಟೆ ಗುಡ್ಡದ ಸುತ್ತ, ಚಿತ್ತಾಕುಲದ ಒಳ ರಸ್ತೆಗಳಲ್ಲಿ ಹೋದರೆ ಮನೆಗಿಂತ ಮುಂಚೆ ಮರ ಕಾಣುತ್ತದೆ. ಮಾವು, ಹಲಸು, ಗೇರು, ಮುರುಗಲು, ತೆಂಗು ಅಂತೂ ಎಲ್ಲರ ಹಿತ್ತಲಲ್ಲೂ ಇದೆ. ಏಪ್ರಿಲ್, ಮೇ ತಿಂಗಳ ಬೆವರು ಕರಾವಳಿಯಲ್ಲಿ ಯಾರನ್ನೂ ಬಿಡುವುದಿಲ್ಲ, ಅದು ಇಲ್ಲೂ ಇದೆ. ಆದರೂ ಊರಿನ ತಾರಸಿ ಮನೆಯಲ್ಲಿ ಮಧ್ಯಾಹ್ನ ಕೂರುವುದಕ್ಕೂ ಇಲ್ಲಿ ಹಲಸಿನ ಮರದ ಕೆಳಗಿನ ಅಂಗಳದಲ್ಲಿ ಕೂರುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಸಂಜೆ ದೇವಬಾಗದ ಕಡಲ ದಂಡೆಯ ಗಾಳಿಮರದ (ಸರ್ವೆ ಮರದ) ತೋಪಿನಲ್ಲಿ ಒಂದು ಸುತ್ತು ಹೋಗಿ ಬರಬಹುದು. ಹೊಳೆ ದಂಡೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಇಳಿತ ಇದ್ದಾಗ ಕೆಸರಿನಲ್ಲಿ ತಿಸ್ರೆ, ಅಂದರೆ ತಿನ್ನುವ ಚಿಪ್ಪು, ಹೆಕ್ಕುವವರು. ತಾಜಾ ತಿಸ್ರೆ, ಬಂಗಡೆ ಮನೆ ಬಾಗಿಲಿಗೇ ಬರುತ್ತದೆ. ಮಳೆಗಾಲದ ಮೀನುಗಾರಿಕೆ ನಿಷೇಧ ಇರುವ ಜೂನ್, ಜುಲೈನಲ್ಲಿ ಮಾತ್ರ ಹೊಳೆ ಮೀನು, ಒಣ ಮೀನು, ಅಷ್ಟೇ.

ಇಷ್ಟು ಮರ ಇದ್ದ ಮೇಲೆ ಮಳೆಗಾಲದಲ್ಲಿ ಕೆಲಸವೂ ಅಷ್ಟೇ ಜಾಸ್ತಿ. ಹೆಂಚಿನ ಮೇಲೆ ಎಲೆ ಕೊಳೆತು ನೀರು ಒಳಗೆ ಇಳಿಯುತ್ತದೆ, ಹಾಗಾಗಿ ಮೇ ಕೊನೆಗೆ ಹೆಂಚು ಕೈಯಾಡಿಸಲೇಬೇಕು, ಆ ಹೊತ್ತಿಗೆ ಆಳು ಸಿಗುವುದು ಕಷ್ಟ, ಎಲ್ಲರಿಗೂ ಅದೇ ವಾರ ಬೇಕಾಗಿರುತ್ತದೆ. ಅಂಗಳ ಪಾಚಿ ಕಟ್ಟಿ ಜಾರುತ್ತದೆ. ಗಾಳಿ ಬಂದರೆ ಕೊಂಬೆ ತಂತಿ ಮೇಲೆ ಬೀಳುತ್ತದೆ, ಕರೆಂಟು ಹೋಗುತ್ತದೆ. ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವವರು ಒಳ್ಳೆ ಇನ್ವರ್ಟರ್ ಹಾಕಿಸಿಕೊಂಡೇ ಬನ್ನಿ. ಇಷ್ಟೆಲ್ಲ ಇದ್ದರೂ ಮರ ಕಡಿಸಿ ಅಂತ ನಾನು ಹೇಳುವುದಿಲ್ಲ. ಕೊಂಬೆ ಸವರಿಸಿದರೆ ಸಾಕು.

ಇನ್ನು ಓಡಾಟ. ಗೋವಾ ಕಡೆಗೆ ಮುಖ ಮಾಡಿದವರಿಗೆ ಸದಾಶಿವಗಡ ತುಂಬಾ ಅನುಕೂಲ. ರಾಷ್ಟ್ರೀಯ ಹೆದ್ದಾರಿ 66 ಊರಿನ ನಡುವೆಯೇ ಹೋಗುತ್ತದೆ. ಮಾಜಾಳಿ ದಾಟಿದರೆ ಪೋಳೆಂ, ಅಲ್ಲಿಂದ ಗೋವಾ ಶುರು. ಮಡಗಾಂವ್ 60 ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ನಮ್ಮ ಸರ್ಕಾರಿ ಬಸ್ಸೂ ಇದೆ, ಗೋವಾದ ಕದಂಬ ಬಸ್ಸೂ ಇದೆ. ಹೊಳೆಯ ಈಚೆಗೇ ಅಸ್ನೋಟಿಯಲ್ಲಿ ಸಣ್ಣ ರೈಲು ನಿಲ್ದಾಣ ಇದೆ, ಪ್ಯಾಸೆಂಜರ್ ಗಾಡಿ ನಿಲ್ಲುತ್ತದೆ. ಗೋವಾದಲ್ಲಿ ಕೆಲಸ ಮಾಡುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಇದರಿಂದ ಎಷ್ಟು ಉಪಕಾರ ಅಂತ ಬೆಳಿಗ್ಗೆ ಅಲ್ಲಿ ನಿಂತು ನೋಡಿದರೆ ಗೊತ್ತಾಗುತ್ತದೆ. ಇನ್ನೊಂದು ಕಡೆ ಬೀದರ್ ಜಿಲ್ಲೆಯ ಔರಾದಕ್ಕೆ ಹೋಗುವ ರಾಜ್ಯ ಹೆದ್ದಾರಿ 34 ಶುರುವಾಗುವುದೇ ಇಲ್ಲಿಂದ. ಕದ್ರಾ, ಅಣಶಿ ಘಟ್ಟ ಹತ್ತಿ ಜೊಯಿಡಾ, ದಾಂಡೇಲಿಗೆ ಹೋಗುವ ರಸ್ತೆ ಅದು. ಜೋರು ಮಳೆಯಲ್ಲಿ ಘಟ್ಟದಲ್ಲಿ ಗುಡ್ಡ ಜರಿಯುತ್ತದೆ, ವಿಚಾರಿಸಿ ಹೊರಡಿ.

ಆದರೆ ಕಾರವಾರಕ್ಕೆ ಹೋಗಬೇಕಾದರೆ ಹೊಳೆ ದಾಟಲೇಬೇಕು. ಕಚೇರಿ, ಕಾಲೇಜು, ರವಿವಾರದ ಸಂತೆ, ಜಿಲ್ಲಾಸ್ಪತ್ರೆ, ಶಿರವಾಡದ ದೊಡ್ಡ ರೈಲು ನಿಲ್ದಾಣ, ಎಲ್ಲವೂ ಆಚೆ ದಡದಲ್ಲಿ. 2020ರಲ್ಲಿ ಶುರುವಾದ ಪಂಚಗಂಗಾ ರೈಲು ಸಂಜೆ ಹತ್ತಿದರೆ ಬೆಳಿಗ್ಗೆ ಬೆಂಗಳೂರಿಗೆ ಬಿಡುತ್ತದೆ, ಅದೂ ಆಚೆ ಕಡೆಯಿಂದಲೇ. ಸೇತುವೆ ಚೆನ್ನಾಗಿದ್ದರೆ ಇದೆಲ್ಲ ಒಂದು ವಿಷಯವೇ ಅಲ್ಲ. ಎರಡು ಸೇತುವೆ ಇದ್ದವು, ಹೋಗಲು ಒಂದು, ಬರಲು ಒಂದು. ಹಳಬರು ಮಾತ್ರ ತಾರಿಯಲ್ಲಿ (ದಾಟುವ ದೋಣಿಯಲ್ಲಿ) ಹೊಳೆ ದಾಟುತ್ತಿದ್ದ ಕಾಲದ ಕಥೆ ಹೇಳುತ್ತಿದ್ದರು.

2024ರ ಆಗಸ್ಟ್ 7ರ ನಡುರಾತ್ರಿ ಹಳೇ ಸೇತುವೆ ಕುಸಿದು ಬಿತ್ತು. 40 ವರ್ಷ ದಾಟಿದ ಸೇತುವೆ. ಒಂದು ಲಾರಿ ನೀರಿಗೆ ಬಿತ್ತು, ಚಾಲಕನನ್ನು ಜೀವಂತ ಮೇಲೆ ತಂದರು. ಹೊಸ ಸೇತುವೆ ಗಟ್ಟಿ ಇದೆಯಾ ಅಂತ ನೋಡುವವರೆಗೆ ಅದರ ಮೇಲೂ ಬಿಡಲಿಲ್ಲ. ಆಗ ಗೊತ್ತಾಯಿತು ನಾವು ಎಷ್ಟು ಹತ್ತಿರ, ಎಷ್ಟು ದೂರ ಇದ್ದೇವೆ ಅಂತ. ಕಣ್ಣೆದುರಿಗೇ ಆಚೆ ದಡದ ಕೋಡಿಬಾಗ ಕಾಣುತ್ತಿದೆ, ಹೋಗಲಿಕ್ಕೆ ದಾರಿ ಇಲ್ಲ. ಆಮೇಲೆ ಆ ಒಂದೇ ಸೇತುವೆ ಮೇಲೆ ಎರಡೂ ಕಡೆಯ ಗಾಡಿ ಬಿಟ್ಟರು. ಗೋವಾ ಕಡೆಯ ಲಾರಿ, ಪ್ರವಾಸಿಗರ ಕಾರು, ಶಾಲೆ ಬಸ್ಸು, ಮೀನಿನ ಗಾಡಿ, ಎಲ್ಲ ಒಂದರ ಹಿಂದೆ ಒಂದು. ಒಂದು ಗಾಡಿ ಕೆಟ್ಟು ನಿಂತರೆ ಎರಡೂ ದಡ ನಿಂತಂತೆ. ಪಕ್ಕದ ಮನೆಯ ಅಜ್ಜಿ ನನಗೆ ಈಗಲೂ ಹೇಳುವುದು, "ಆಚೆ ಹೋದ್ರೆ ಬೆಳಕಿದ್ದಾಗ್ಲೇ ಬಂದ್ಬಿಡು ತಮಾ" ಅಂತ.

ನನಗೆ ನಿಜವಾಗಿ ಭಯ ಆಗುವುದು ಆಸ್ಪತ್ರೆಯ ವಿಷಯದಲ್ಲಿ. ದೊಡ್ಡ ಕಾಯಿಲೆಗೆ ಬೇಕಾದ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ನಮ್ಮ ಜಿಲ್ಲೆಗೆ ಬೇಕು ಅಂತ 2022ರಲ್ಲಿ ಜನ ಬೀದಿಗೆ ಇಳಿದಿದ್ದರು. ಇವತ್ತಿಗೂ ಹೃದಯದ್ದೋ ತಲೆಯದ್ದೋ ತೊಂದರೆ ಅಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾ. ಇಲ್ಲಿಂದ ಗೋವಾಕ್ಕೆ ಹೊಳೆ ದಾಟಬೇಕಾಗಿಲ್ಲ, ಅದೊಂದು ಸಮಾಧಾನ. ಆದರೆ ಮೊದಲ ಚಿಕಿತ್ಸೆಗೆ ಕಾರವಾರಕ್ಕೇ ಓಡಬೇಕು, ಆಗ ಸೇತುವೆ ಮೇಲೆ ಸಾಲು ನಿಂತಿದ್ದರೆ? ಹೊಳೆಗೆ ಎರಡನೇ ಸೇತುವೆ ಬೇಗ ಕಟ್ಟಿ ಅಂತ ನಾವು ಕೇಳುತ್ತಿರುವುದು ಇದಕ್ಕೇ. ಮನೆಯಲ್ಲಿ ಹೃದಯದ ತೊಂದರೆ ಇರುವ ಹಿರಿಯರು ಇದ್ದರೆ, ಮರ ಎಷ್ಟೇ ಚೆನ್ನಾಗಿರಲಿ, ಸದ್ಯಕ್ಕೆ ಆಚೆ ಕಡೆಯೇ ಮನೆ ಮಾಡಿ ಅನ್ನುತ್ತೇನೆ. ದಿನಾ ಹತ್ತು ಗಂಟೆಗೆ ಕಾರವಾರದ ಕಚೇರಿಯಲ್ಲಿ ಇರಬೇಕಾದವರೂ ಯೋಚನೆ ಮಾಡಿ. ಗೋವಾದಲ್ಲಿ ಕೆಲಸ ಇರುವವರು, ಮನೆಯಿಂದಲೇ ಕೆಲಸ ಮಾಡುವವರು, ನಿವೃತ್ತರಾಗಿ ಗಟ್ಟಿಮುಟ್ಟಾಗಿ ಇರುವವರು ಕಣ್ಣು ಮುಚ್ಚಿ ಬರಬಹುದು.

ಮನೆ ನೋಡುವಾಗ ಹೆದ್ದಾರಿಗೆ ತಾಗಿ ಬೇಡ, ರಾತ್ರಿ ಇಡೀ ಲಾರಿ ಸದ್ದು. ಎರಡು ತಿರುವು ಒಳಗೆ ಹೋದರೆ ಸದ್ದೇ ಇಲ್ಲ. ಗುಡ್ಡಕ್ಕೆ ತೀರಾ ಒತ್ತಿಕೊಂಡ ಮನೆಯೂ ಬೇಡ. ಹೊಳೆ ದಂಡೆಯ ಕೆಲವು ಬಾವಿಗಳ ನೀರು ಬೇಸಿಗೆಯಲ್ಲಿ ಸವಳಾಗುತ್ತದೆ. ಅಕ್ಟೋಬರ್‌ನಲ್ಲಿ ಮನೆ ನೋಡಿದರೆ ಎಲ್ಲ ಬಾವಿಯೂ ತುಂಬಿ ಸಿಹಿಯಾಗೇ ಇರುತ್ತದೆ, ಅದನ್ನು ನಂಬಬೇಡಿ. ಆಗಲೇ ಒಪ್ಪಂದ ಮಾಡಬೇಕಾಗಿ ಬಂದರೆ ಮಾಲೀಕರನ್ನಲ್ಲ, ಅಕ್ಕಪಕ್ಕದ ಮನೆಯವರನ್ನು ಕೇಳಿ, ಮೇ ತಿಂಗಳಲ್ಲಿ ಈ ಬಾವಿ ನೀರಿನಲ್ಲಿ ಬೇಳೆ ಬೇಯುತ್ತದಾ ಅಂತ. ಆಮೇಲೆ ಮುಂಗಡ ಕೊಡಿ.