ಹಬೆಯಲ್ಲಿ ಸ್ಟೆರೈಲ್ ಮಾಡಿದ ಡಯಲೈಸರ್: ಎರಡು ವರ್ಷದ ಬಳಕೆಯ ನಂತರ

ಶಹಾಬಾದಿನಿಂದ ಕಲಬುರಗಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಬರುತ್ತೇನೆ. ಈಗ ನನಗೆ ಹಾಕುತ್ತಿರುವುದು ಪಾಲಿಸಲ್ಫೋನ್ ಎಂಬ ಪ್ಲಾಸ್ಟಿಕ್ ಪೊರೆಯ, ಹಬೆಯಲ್ಲಿ ಸ್ಟೆರೈಲ್ ಮಾಡಿದ (ರೋಗಾಣು ಕೊಂದ) ಡಯಲೈಸರ್, ಅಂದರೆ ರಕ್ತ ಶುದ್ಧ ಮಾಡುವ ಫಿಲ್ಟರ್. ಮೊದಲ ಎಂಟು ತಿಂಗಳು ಬೇರೆಯದಿತ್ತು. ಆಗ ಪಟ್ಟ ಪಾಡು ಹೇಳದಿದ್ದರೆ ಇದರ ಬೆಲೆ ಗೊತ್ತಾಗುವುದಿಲ್ಲ.

ಆಗಿನ ಸೆಂಟರ್‌ನಲ್ಲಿ ಒಂದೇ ಡಯಲೈಸರನ್ನು ತೊಳೆದು ತೊಳೆದು ಆರೇಳು ಸಲ ಬಳಸುತ್ತಿದ್ದರು. ಕೆಲವು ದಿನ ಮಷಿನ್ ಶುರುವಾದ ಐದೇ ನಿಮಿಷಕ್ಕೆ ಅಂಗೈ ತುರಿಸಿ, ಮೂಗು ಸೋರಿ, ಗಂಟಲು ಬಿಗಿಯುತ್ತಿತ್ತು. "ಅಂಜಬ್ಯಾಡ್ರಿ ಅಕ್ಕಾ, ಹೆದರಿಕಿಗೆ ಹಂಗ ಆಗ್ತದ" ಎನ್ನುತ್ತಿದ್ದರು ಅಲ್ಲಿಯವರು. ನಾನೂ ನಂಬಿದ್ದೆ. ಒಂದು ದಿನ ಉಸಿರೇ ಕಟ್ಟಿತು. ಟೆಕ್ನಿಷಿಯನ್ ತಮ್ಮ ಓಡಿಬಂದು ಪಂಪ್ ನಿಲ್ಲಿಸಿ, ಕೊಳವೆಗಳಿಗೆ ಕ್ಲ್ಯಾಂಪ್ ಹಾಕಿದ. ಒಳಗಿದ್ದ ರಕ್ತ ವಾಪಸ್ ಕೊಡಲಿಲ್ಲ. ಮೊದಲೇ ನನ್ನ ಹಿಮೋಗ್ಲೋಬಿನ್ 8. ಆ ಕೆಂಪು ಕೊಳವೆಗಳು ಕಸದ ಚೀಲ ಸೇರುವುದನ್ನು ನೋಡಿ ಅತ್ತುಬಿಟ್ಟೆ. ಅವನು ಮಾಡಿದ್ದೇ ಸರಿ ಎಂದು ಆಮೇಲೆ ತಿಳಿಯಿತು. ಅದು ಮೈಗೆ ಮರಳಿದ್ದರೆ ರಿಯಾಕ್ಷನ್ ಇನ್ನೂ ಜೋರಾಗುತ್ತಿತ್ತಂತೆ.

ಹೀಗೇಕೆ ಆಗುತ್ತದೆ ಎಂಬುದಕ್ಕೆ ಉತ್ತರ ಇದ್ದದ್ದು ಮಗಳು ನನ್ನ ತೂಕ, ಬಿಪಿ ಬರೆದಿಡುವ ನೋಟ್‌ಬುಕ್ಕಿನಲ್ಲಿ. ತ್ರಾಸಾದ ದಿನಗಳೆಲ್ಲ ಹೊಸ ಫಿಲ್ಟರ್ ಹಾಕಿದ ದಿನಗಳೇ! ಅದನ್ನೇ ತೊಳೆದು ಮತ್ತೆ ಹಾಕಿದಾಗ ಏನೂ ಇಲ್ಲ. ಕಿಡ್ನಿ ಡಾಕ್ಟರು ನೋಟ್‌ಬುಕ್ ತಿರುವಿ, ರಕ್ತದಲ್ಲಿ ಇಯೊಸಿನೊಫಿಲ್ (ಅಲರ್ಜಿಯಾದಾಗ ಹೆಚ್ಚುವ ಬಿಳಿ ರಕ್ತಕಣ) ಏರಿದ್ದನ್ನೂ ನೋಡಿ, ಪ್ಯಾಕೆಟ್ ಮೇಲಿನ 'ಇಒ' ಗುರುತಿನ ಮೇಲೆ ಬೆರಳಿಟ್ಟರು. ಎಥಿಲೀನ್ ಆಕ್ಸೈಡ್, ಸ್ಟೆರೈಲ್ ಮಾಡುವ ಅನಿಲ. ಡಯಲೈಸರ್‌ನಲ್ಲಿ ಉಳಿದ ಈ ಅನಿಲದ ಚೂರುಪಾರು, ರಕ್ತದ ಅಲ್ಬುಮಿನ್ ಎಂಬ ಪ್ರೋಟೀನ್‌ಗೆ ಅಂಟಿಕೊಂಡರೆ, ಕೆಲವರ ಮೈ ಅದನ್ನು ವೈರಿಯೆಂದು ತಿಳಿದು ಅಲರ್ಜಿ ತರುವ ಐಜಿಇ ಪ್ರತಿಕಾಯ ಹುಟ್ಟಿಸುತ್ತದೆ.

ಹಬೆಯದಕ್ಕೆ ಬದಲಾದ ಮೇಲೆ ಒಮ್ಮೆಯೂ ಗಂಟಲು ಬಿಗಿದಿಲ್ಲ. ನಾಲ್ಕು ತಾಸಿನಲ್ಲಿ ಎರಡು ತಾಸು ನಿದ್ದೆಯೇ ಬರುತ್ತದೆ.

ಕೊರತೆ ಇಲ್ಲವೆಂದಲ್ಲ. ಕೆಲವೊಮ್ಮೆ ಸ್ಟಾಕ್ ಇರುವುದಿಲ್ಲ, ಮೊದಲೇ ಫೋನ್ ಮಾಡಿ ಹೇಳಿಡಬೇಕು. ಎಲ್ಲರಿಗೂ ಇದೇ ಹೊಂದುತ್ತದೆ ಎಂದೂ ಹೇಳಲಾರೆ. ಪಾಲಿಸಲ್ಫೋನ್ ಪೊರೆಯೇ ಆಗಿಬರದವರಿದ್ದಾರೆ, ಅಂಥವರಿಗೆ ಸೆಲ್ಯುಲೋಸ್ ಟ್ರೈಅಸಿಟೇಟ್ ಪೊರೆ ಹಾಕಿ ನೋಡುತ್ತಾರೆ. ಎಎನ್-69 ಎಂಬ ಇನ್ನೊಂದು ಬಗೆಯ ಪೊರೆಯಾದರೆ, ಎನಾಲಾಪ್ರಿಲ್‌ನಂಥ ಬಿಪಿ ಗುಳಿಗೆ ನುಂಗುವವರಿಗೆ ಅಪಾಯ. ನಿಮ್ಮ ಗುಳಿಗೆಗಳ ಚೀಟಿಯನ್ನು ಡಾಕ್ಟರಿಗೆ ತಪ್ಪದೆ ತೋರಿಸಿ. ಯಾವ ಫಿಲ್ಟರ್ ಆದರೂ ಹಾಕುವ ಮುಂಚೆ ಸಲೈನ್‌ನಿಂದ ಚೆನ್ನಾಗಿ ತೊಳೆದರೇ ಎಂದು ಕೇಳಿ. ಕೇಳಲು ಸಂಕೋಚ ಬೇಡ, ಹರಿಯುವುದು ನಿಮ್ಮದೇ ರಕ್ತ.

ಬೀದರಿನ ತಂಗಿ ಮನೆಗೆ ಹೋದಾಗ ಅಲ್ಲಿಯೇ ಡಯಾಲಿಸಿಸ್ ಮಾಡಿಸುತ್ತೇನೆ. ಆಗ ಪರ್ಸಿನಲ್ಲಿಟ್ಟುಕೊಂಡ ಹಳೆಯ ಪ್ಯಾಕೆಟ್ಟಿನ ಲೇಬಲ್ಲನ್ನು ಸೂಜಿ ಚುಚ್ಚುವ ಮೊದಲೇ ಸಿಸ್ಟರ್ ಕೈಗೆ ಕೊಡುತ್ತೇನೆ.